ಕಡಲಿಗೊಂದು ಶಾಶ್ವತ ಸೇವೆ

ಲ್ಯಾಬಿನ ಸಿಂಕಿನ ಹತ್ರ ನಿಂತು ಬಾಟ್ಲಿಗಳ ಮುಚ್ಚಳ ತೆಗೀತಾ ಇದ್ದ ಆ ಮಧ್ಯಾಹ್ನ ನಂಗೆ ಇನ್ನೂ ಮರೆಯಲಿಕ್ಕೆ ಆಗಿಲ್ಲ. ನಾನ್ನೂರಕ್ಕೂ ಹೆಚ್ಚು ಬಾಟ್ಲಿ, ಒಂದೊಂದ್ರಲ್ಲೂ ಕಾಲು ಲೀಟರ್ ಸಮುದ್ರದ ನೀರು, ಒಳಗಿನ ಸಣ್ಣ ಪಾಚಿಗಳು ಕೆಡದ ಹಾಗೆ ಲುಗೋಲ್ ಅಯೋಡಿನ್ ಹಾಕಿ ಇಟ್ಟದ್ರಿಂದ ಕಟ್ಟ ಚಾಯದ ಬಣ್ಣ. ಪ್ರತಿಯೊಂದ್ರ ಮೇಲೂ ಪೆನ್ಸಿಲಲ್ಲಿ ಬರೆದ ಲೇಬಲ್: ಮಲ್ಪೆ, 15 ಮೀಟರ್, ತಾರೀಕು, ಬೆಳಿಗ್ಗೆ 7.10. (ಪೆನ್ನಲ್ಲಿ ಬರೆದ್ರೆ ಉಪ್ಪುನೀರಿಗೆ ಅಳಿಸಿ ಹೋಗ್ತದೆ, ಬೋಟಲ್ಲಿ ನಮ್ಮ ಎಲ್ಲರ ಕಿಸೆಯಲ್ಲೂ ಪೆನ್ಸಿಲೇ ಇರುದು.) ಮೂರು ವರ್ಷದ ಪ್ರಾಜೆಕ್ಟ್ ಮುಗಿದಿತ್ತು, ರಿಪೋರ್ಟ್ ಹೋಗಿತ್ತು, ದುಡ್ಡು ಖರ್ಚಾದದ್ದಕ್ಕೆ ಯುಟಿಲೈಸೇಶನ್ ಸರ್ಟಿಫಿಕೇಟೂ ಹೋಗಿತ್ತು, ಆ ರೂಮು ಬೇರೊಂದು ಪ್ರಾಜೆಕ್ಟಿಗೆ ಬೇಕಿತ್ತು. ನಾವು ಮೈಕ್ರೋಸ್ಕೋಪಲ್ಲಿ ನೋಡಿ ಎಣಿಸಿ ಮುಗಿಸಿದ್ದು ಅರ್ಧದಷ್ಟು ಬಾಟ್ಲಿ ಮಾತ್ರ, ಉಳಿದದ್ದನ್ನು ಎಣಿಸಲಿಕ್ಕೆ ಜನವೂ ಇಲ್ಲ, ಜನಕ್ಕೆ ಕೊಡ್ಲಿಕ್ಕೆ ಸಂಬಳವೂ ಇಲ್ಲ. ಒಂದೊಂದೇ ಬಾಟ್ಲಿಯನ್ನು ವೇಸ್ಟ್ ಕ್ಯಾನಿಗೆ ಸುರಿದು, ತೊಳೆದು, ಕವುಚಿ ಇಟ್ಟೆ. ಸಂಜೆ ಆಗುವಾಗ ಕೈಬೆರಳೆಲ್ಲ ಹಳದಿ. ಅಲ್ಲಿ ಯಾರೂ ತಪ್ಪು ಮಾಡಿದ್ದಲ್ಲ, ಪ್ರಾಜೆಕ್ಟಿನ ನಿಯಮ ಇದ್ದದ್ದೇ ಹಾಗೆ. ಆದ್ರೂ ನಂಗೆ ಯಾರದ್ದೋ ಮನೆಯ ಹಳೇ ಫೋಟೋಗಳನ್ನೆಲ್ಲ ಒಟ್ಟುಮಾಡಿ ಒಲೆಗೆ ಹಾಕಿದ ಹಾಗೆ ಆಯ್ತು. ಆ ದಿನದ ಆ ನೀರು ಇನ್ನು ಎಷ್ಟು ಕೋಟಿ ಕೊಟ್ರೂ ಸಿಗುದಿಲ್ಲ.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಅಕ್ಕನ ಮಗನಿಂದ. ದೀಪಾವಳಿಗೆ ಊರಿಗೆ ಹೋಗಿದ್ದಾಗ, ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅವ ಕೇಳಿದ, "ಚಿಕ್ಕಮ್ಮ, ದುಡ್ಡಿಗೆ ಲಿಮಿಟೇ ಇಲ್ಲ ಅಂತಾದ್ರೆ ನೀವು ಯಾವ ರಿಸರ್ಚಿಗೆ ಕೊಡ್ತೀರಿ?" ಪಿಯುಸಿ ಓದುವ ಹುಡುಗ, ಅವನ ಹತ್ರ ಆಗಲೇ ಒಂದು ಪಟ್ಟಿ ಉಂಟು, ಕ್ಯಾನ್ಸರಿಗೆ ಮದ್ದು, ನ್ಯೂಕ್ಲಿಯರ್ ಫ್ಯೂಶನ್, ಮಂಗಳ ಗ್ರಹ. ನಾನು ಹೇಳಿದೆ, ಬೂತಾಯಿಗೆ ಕೊಡ್ತೇನೆ ಅಂತ. (ಬೂತಾಯಿ ಅಂದ್ರೆ ನಮ್ಮ ಕರಾವಳಿಯ ಸಣ್ಣ ಮೀನು, ಇಂಗ್ಲಿಷಲ್ಲಿ ಆಯಿಲ್ ಸಾರ್ಡೀನ್.) ಅವ ನನ್ನ ಮುಖ ನೋಡಿದ. ಆ ರಾತ್ರಿ ಅವನಿಗೆ ಸರಿಯಾಗಿ ಬಿಡಿಸಿ ಹೇಳ್ಲಿಕ್ಕೆ ಆಗ್ಲಿಲ್ಲ, ಪಟಾಕಿ ಹಚ್ಚಲಿಕ್ಕೆ ಕರೆದ್ರು ಅಂತ ಓಡಿದ. ಅಲ್ಲಿಂದ ಇಲ್ಲಿವರೆಗೆ ಅದೇ ಮಾತು ತಲೆಯಲ್ಲಿ ತಿರುಗ್ತಾ ಉಂಟು, ಅದಕ್ಕೇ ಇಲ್ಲಿ ಬರೀತಿದ್ದೇನೆ.

ಬೂತಾಯಿ ಎಲ್ಲಿ ಹೋಯ್ತು?

ನಮ್ಮ ಮನೆಗೆ ಮೀನು ತರುವ ಅಕ್ಕ ಮೊದ್ಲು ಬುಟ್ಟಿ ಹೊತ್ಕೊಂಡು ಬರ್ತಿದ್ರು, ಈಗ ರಿಕ್ಷಾದಲ್ಲಿ ಬರ್ತಾರೆ. ಬೂತಾಯಿ ಕಾಣದೇ ಹೋದ ಆ ವರ್ಷಗಳಲ್ಲಿ ಒಂದು ದಿನ ಬುಟ್ಟಿ ಇಳಿಸಿ, ಮೇಲಿನ ಎಲೆ ಸರಿಸಿ ತೋರಿಸಿದ್ರು. ಒಳಗೆ ಬೇರೆ ಊರಿನ ಐಸ್ ಹಾಕಿದ ಮೀನು, ಕಣ್ಣು ಕೆಂಪಾಗಿ ಒಳಗೆ ಹೋದದ್ದು. "ಇದನ್ನು ನಿಮಗೆ ಕೊಡ್ಲಿಕ್ಕೆ ನಂಗೆ ಮನಸ್ಸಿಲ್ಲ" ಅಂದ್ರು. ಮತ್ತೆ ನನ್ನನ್ನೇ ನೋಡಿ, "ನೀನು ಸಮುದ್ರದ್ದೇ ಓದಿದವಳಲ್ವಾ, ಹೇಳು, ಬೂತಾಯಿ ಎಲ್ಲಿ ಹೋಯ್ತು?" ಅಂತ ಕೇಳಿದ್ರು. ತಮಾಷೆಗೆ ಕೇಳಿದ್ದಲ್ಲ. ಅವರ ಮೂರು ಮಕ್ಕಳ ಶಾಲೆ ಫೀಸು ಆ ಬುಟ್ಟಿಯಿಂದಲೇ ಹೋದದ್ದು. ನಾನು ನೀರು ಬಿಸಿಯಾದದ್ದು, ಮರಿ ಹಿಡಿದದ್ದು ಅಂತ ಎಂತೆಂತದ್ದೋ ಹೇಳಿದೆ. ಅವರು ಕೇಳಿಸ್ಕೊಂಡ್ರು, ಎಲೆ ಮುಚ್ಚಿದ್ರು, "ಹಾಗಾದ್ರೆ ಬರುವ ವರ್ಷ ಬರ್ತದಾ?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಯಾರ ಹತ್ರವೂ ಇರ್ಲಿಲ್ಲ.

ಲೆಕ್ಕ ನೋಡಿದ್ರೆ ತಲೆ ತಿರುಗ್ತದೆ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಲಕ್ಷ ಅಲ್ಲ, ಬರೀ 3,297. ಮತ್ತೆ ಎರಡೇ ವರ್ಷದಲ್ಲಿ, 2023ಕ್ಕೆ, ಪುನಃ ಲಕ್ಷ ಟನ್ ದಾಟಿತು. ಕಡಲಿಗೆ ಕೇರಳ ಕರ್ನಾಟಕ ಅಂತ ಗಡಿ ಇಲ್ಲ, ನಮ್ಮ ಮಲ್ಪೆ, ಮಂಗಳೂರು, ಗಂಗೊಳ್ಳಿಯವರೂ ಇದೇ ಏರಿಳಿತವನ್ನು ತಿಂದವರೇ. ಬೇರೆ ಯಾವ ಉದ್ಯಮದಲ್ಲಿ ಹೀಗೆ ನೂರಕ್ಕೆ ಒಂದಾಗಿ, ಪುನಃ ಮೂವತ್ತು ನಲ್ವತ್ತಾಗುದುಂಟು? ಅಡಿಕೆ ರೇಟು ಬಿದ್ರೆ ಪೇಪರಲ್ಲಿ ದೊಡ್ಡ ಸುದ್ದಿ ಆಗ್ತದೆ, ಅಡಿಕೆ ರೇಟು ಯಾಕೆ ಬಿತ್ತು ಅಂತ ಹೇಳುವವರು ಪೇಟೆಯಲ್ಲಿ ಹತ್ತು ಜನ ಸಿಗ್ತಾರೆ. ಬೂತಾಯಿ ವಿಷಯದಲ್ಲಿ ನಮ್ಮ ಹತ್ರ ಇರುದು ಸಂಶಯಗಳ ಪಟ್ಟಿ ಮಾತ್ರ. 2015–16ರ ಎಲ್ ನಿನೋ, ಅಂದ್ರೆ ಪೆಸಿಫಿಕ್ ಸಮುದ್ರ ಬಿಸಿಯಾಗಿ ಎಲ್ಲ ಕಡೆಯ ಹವೆ ಏರುಪೇರಾದದ್ದು, ಅಂತ ಕೆಲವರು. ಹತ್ತು ಸೆಂಟಿಮೀಟರ್ ಕೂಡ ಆಗದ ಮರಿಗಳನ್ನು ಹಿಡಿದು ಮೀನಿನ ಹುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗೆ ಕೊಟ್ಟದ್ರಿಂದ ಅಂತ ಕೆಲವರು. ಮೀನಿನ ಗುಂಪನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಯ ಬೋಟ್, ರಾತ್ರಿ ಬೆಳಕು ಹಾಕಿ ಹಿಡಿಯುವ ಲೈಟ್ ಫಿಶಿಂಗ್ ಅಂತ ನಾಡದೋಣಿಯವರು. ಮಳೆಗಾಲದ ಗಾಳಿ ಬದಲಾಗಿದೆ ಅಂತ ಇನ್ನು ಕೆಲವರು. ನನ್ನ ಅಂದಾಜಿನಲ್ಲಿ ಇದೆಲ್ಲವೂ ಸ್ವಲ್ಪ ಸ್ವಲ್ಪ ನಿಜ. ಆದ್ರೆ ಯಾವುದು ಎಷ್ಟು ಅಂತ ಹೇಳಬೇಕಾದ್ರೆ ಹಳೇ ಲೆಕ್ಕ ಬೇಕು, ಮೀನಿನ ಲೆಕ್ಕ ಮಾತ್ರ ಸಾಲುದಿಲ್ಲ, ಮೀನಿಗೆ ತಿನ್ನಲಿಕ್ಕೆ ಎಂತ ಇತ್ತು ಅನ್ನುವ ಲೆಕ್ಕ, ನೀರಿನ ಲೆಕ್ಕ, ಗಾಳಿಯ ಲೆಕ್ಕ, ಎಲ್ಲ ಒಂದೇ ಜಾಗದ್ದು, ಒಂದೇ ರೀತಿಯಲ್ಲಿ ತೆಗೆದದ್ದು, ನಡುವೆ ಕಡಿಯದೆ ಬಂದದ್ದು. ಅದು ಇಲ್ಲ.

ಕಥೆ ನಡೆಯುದು ಮಳೆಗಾಲದಲ್ಲಿ

ಬೂತಾಯಿ ಮುಖ್ಯವಾಗಿ ತಿನ್ನುದು ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಸಣ್ಣ ಪಾಚಿಗಳನ್ನು. ಅದರಲ್ಲೂ ಫ್ರಾಜಿಲೇರಿಯಾ ಓಶಿಯಾನಿಕಾ ಅಂತ ಒಂದು ಉಂಟು, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಬಾಚಣಿಗೆಯ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ರಿಬ್ಬನ್ ಮಾಡಿದ ಹಾಗೆ ಕಾಣ್ತದೆ. ಇದು ಹೆಚ್ಚಾದ ವರ್ಷ ಬೂತಾಯಿಯೂ ಹೆಚ್ಚು ಅಂತ 1950ರ ದಶಕದಲ್ಲೇ ನಮ್ಮ ವಿಜ್ಞಾನಿಗಳು ಬರೆದಿಟ್ಟಿದ್ದಾರೆ. ನಾನು ಮೊದಲ ಸಲ ಎಣಿಸುವ ಸ್ಲೈಡಿನಲ್ಲಿ ಅದನ್ನು ನೋಡಿದಾಗ, ಒಂದು ಮಿಲಿಲೀಟರ್ ನೀರು ಹಿಡಿಯುವ, ಸಾವಿರ ಚೌಕ ಗೀಚಿದ ಆ ಸ್ಲೈಡಿನಲ್ಲಿ, ರಿಬ್ಬನಿನ ಒಂದು ತುದಿ ಒಂದು ಚೌಕದಲ್ಲಿ ಇನ್ನೊಂದು ತುದಿ ಪಕ್ಕದ ಚೌಕದಲ್ಲಿ ಇತ್ತು. ಅಮ್ಮ ಮಾಡುವ ಬೂತಾಯಿ ಪುಳಿಮುಂಚಿ ಸಾರಿನ ಮೂಲ ಇದು ಅಂತ ಅನಿಸಿ ತುಂಬಾ ಹೊತ್ತು ನೋಡಿದೆ.

ಈ ಪಾಚಿ ಬೆಳೆಯುದು ಯಾವಾಗ? ಮಳೆಗಾಲದಲ್ಲಿ. ಮುಂಗಾರು ಗಾಳಿ ಮತ್ತು ದಡದ ಉದ್ದಕ್ಕೂ ಹರಿಯುವ ಪ್ರವಾಹ ಸೇರಿ ಮೇಲಿನ ಬಿಸಿನೀರನ್ನು ಸರಿಸ್ತವೆ, ಅಡಿಯ ತಣ್ಣೀರು ಗೊಬ್ಬರದಂತ ಸತ್ವಗಳನ್ನು ಎತ್ತಿಕೊಂಡು ಮೇಲೆ ಬರ್ತದೆ. ಬೂತಾಯಿ ಮುಖ್ಯವಾಗಿ ಮೊಟ್ಟೆ ಇಡುದೂ ಜೂನಿಂದ ಆಗಸ್ಟ್ ಒಳಗೇ. ಮರಿ ಹೊರಬಂದ ವಾರದಲ್ಲಿ ತಿನ್ನಲಿಕ್ಕೆ ಪಾಚಿ ಉಂಟೋ ಇಲ್ಲವೋ, ಮೇಲೆ ಬಂದ ತಣ್ಣೀರಲ್ಲಿ ಆಕ್ಸಿಜನ್ ಉಂಟೋ ಇಲ್ಲವೋ, ಗಾಳಿ ಮರಿಗಳನ್ನು ದಡಕ್ಕೆ ತಂದಿತೋ ಹೊರಗೆ ಒಯ್ದಿತೋ, ಬರುವ ವರ್ಷದ ಮಾರ್ಕೆಟ್ ಪೂರ್ತಿ ಆ ಎಂಟು ಹತ್ತು ವಾರದಲ್ಲಿ ತೀರ್ಮಾನ ಆಗಿ ಹೋಗ್ತದೆ. ಬೂತಾಯಿಯ ಆಯುಸ್ಸೇ ಎರಡೂವರೆ ಮೂರು ವರ್ಷ, ಹಾಗಾಗಿ ಒಂದು ಮಳೆಗಾಲ ಕೆಟ್ರೆ ಅದನ್ನು ತುಂಬಿಸಿಕೊಳ್ಳಲಿಕ್ಕೆ ಹಳೇ ಮೀನಿನ ದಾಸ್ತಾನು ಅಂತ ಸಮುದ್ರದಲ್ಲಿ ಇರುದಿಲ್ಲ.

ನನ್ನನ್ನು ಕೊರೆಯುದು ಇದೇ. ನಾನು ಸುರಿದ ಆ ನಾನ್ನೂರು ಬಾಟ್ಲಿಗಳಲ್ಲಿ ಜೂನ್, ಜುಲೈ, ಆಗಸ್ಟಿನದ್ದು ಒಂದೂ ಇರ್ಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಬೋಟೆಲ್ಲ ಬಂದರಿನ ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಂತಿರ್ತವೆ. ನಾವು ಬಾಡಿಗೆಗೆ ಹೋಗ್ತಿದ್ದದ್ದೂ ಅದೇ ಬೋಟಲ್ಲಿ. ಆ ಅಲೆಗೆ ಅಂತ ಬೋಟಲ್ಲಿ ಹೊರಗೆ ಹೋಗಲಿಕ್ಕೂ ಸಾಧ್ಯ ಇಲ್ಲ, ನಿಷೇಧ ಇರ್ಬೇಕಾದ್ದೂ ಹೌದು. ಸೆಪ್ಟೆಂಬರಲ್ಲಿ, ನೂಲು ಹುಣ್ಣಿಮೆಯ ಸಮುದ್ರಪೂಜೆ ಎಲ್ಲ ಆದ ಮೇಲೆ, ಮೊದಲ ಟ್ರಿಪ್ಪಿಗೆ ಹೋದಾಗ ನಮ್ಮ ತಾಂಡೇಲರು, ಅಂದ್ರೆ ಬೋಟ್ ನಡೆಸುವವರು, ಒಂದು ಮಾತು ಹೇಳಿದ್ರು. ಐವತ್ತು ದಾಟಿದವರು, ನೀರಿನ ಬಣ್ಣ ನೋಡಿ ಆಳ ಹೇಳುವವರು. ನಾನು ಬಿಳೀ ತಟ್ಟೆಯನ್ನು ಹಗ್ಗದಲ್ಲಿ ಇಳಿಸ್ತಾ ಇದ್ದೆ. ಸೆಕ್ಕಿ ಡಿಸ್ಕ್ ಅಂತ ಅದಕ್ಕೆ ಹೆಸರು, ಎಷ್ಟು ಆಳದಲ್ಲಿ ತಟ್ಟೆ ಕಣ್ಣಿಗೆ ಕಾಣದಾಗ್ತದೆ ಅಂತ ಬರ್ಕೊಳ್ಳುದು, ನೀರು ಎಷ್ಟು ತಿಳಿ ಉಂಟು ಅಂತ ಅದರಿಂದ ಗೊತ್ತಾಗ್ತದೆ. ಆ ದಿನ ಎರಡು ಮೀಟರಿಗೇ ಮಾಯ, ನೀರು ಅಷ್ಟು ಹಸಿರು. ತಾಂಡೇಲರು ಹಗ್ಗದ ಗಂಟು ಎಣಿಸಿ ನನಗೆ ಹೇಳಿ, ಆಮೇಲೆ ಮೆಲ್ಲಗೆ ಅಂದ್ರು, "ಮೇಡಂ, ಮೊಟ್ಟೆ ಇಡುವಾಗ ನೀವು ಯಾರೂ ಬರುದಿಲ್ಲ. ಬಾಣಂತನ ಮುಗಿದ ಮೇಲೆ ಬಂದು ಮಗು ಯಾಕೆ ಸೊರಗಿದೆ ಅಂತ ಕೇಳ್ತೀರಿ."

ಮೇಲಿಂದ ನೋಡ್ಬಹುದಲ್ವಾ, ಸ್ಯಾಟಲೈಟ್ ಇಲ್ವಾ ಅಂತ ನೀವು ಕೇಳ್ಬಹುದು. ಉಂಟು, ಒಳ್ಳೆ ಕೆಲಸವನ್ನೂ ಮಾಡ್ತದೆ. ಹೈದರಾಬಾದಿನ ಇಂಕಾಯಿಸ್ ಅನ್ನುವ ಸಾಗರ ಮಾಹಿತಿ ಕೇಂದ್ರದವರು ಸಮುದ್ರದ ಬಣ್ಣ ಮತ್ತು ಉಷ್ಣತೆ ನೋಡಿ ಎಲ್ಲಿ ಮೀನು ಸಿಗ್ಬಹುದು ಅಂತ ಮಾಹಿತಿ ಕೊಡ್ತಾರೆ, ನಮ್ಮ ಬೋಟಿನವರು ಅದನ್ನು ನೋಡ್ತಾರೆ. ಆದ್ರೆ ಸಮುದ್ರದ ಬಣ್ಣ ನೋಡುವ ಕ್ಯಾಮರಾಕ್ಕೆ ಮೋಡದ ಒಳಗಿಂದ ಕಾಣುದಿಲ್ಲ, ನಮ್ಮಲ್ಲಿ ಜೂನ್ ಜುಲೈ ಅಂದ್ರೆ ಮೋಡವೇ. ಇನ್ನು ಆರ್ಗೋ ಅಂತ ತೇಲುವ ಯಂತ್ರಗಳು ಉಂಟು, ಪ್ರಪಂಚದ ಸಮುದ್ರಗಳಲ್ಲಿ ಸುಮಾರು 4,000, ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬಂದು ಲೆಕ್ಕ ಕಳಿಸ್ತವೆ. ಅವು ಇರುದು ಆಳ ಸಮುದ್ರದಲ್ಲಿ. ನಮ್ಮ ಬೂತಾಯಿ ಇರುದು ಇಪ್ಪತ್ತು ಮೂವತ್ತು ಮೀಟರ್ ನೀರಲ್ಲಿ, ಸೈಂಟ್ ಮೇರೀಸ್ ದ್ವೀಪದ ಆಚೆ ಈಚೆ. 2021ರಲ್ಲಿ ಕೇಂದ್ರ ಸರ್ಕಾರ ಡೀಪ್ ಓಶನ್ ಮಿಶನ್‌ಗೆ ಐದು ವರ್ಷಕ್ಕೆ 4,077 ಕೋಟಿ ಒಪ್ಪಿಗೆ ಕೊಟ್ಟಿತು, ಮೂರು ಜನರನ್ನು 6,000 ಮೀಟರ್ ಆಳಕ್ಕೆ ಕರ್ಕೊಂಡು ಹೋಗುವ ಮತ್ಸ್ಯ 6000 ಅನ್ನುವ ನೌಕೆ ಅದರಲ್ಲೇ ಬರ್ತದೆ. ಹೋಗ್ಲೇಬೇಕು, ನಂಗೂ ಅದನ್ನು ನೋಡುವ ಆಸೆ ತುಂಬಾ ಉಂಟು. ಆದ್ರೆ ಆರು ಸಾವಿರ ಮೀಟರ್ ಆಳಕ್ಕೂ ಆಕಾಶಕ್ಕೂ ನಡುವೆ, ಮನೆಯ ಬಾಗಿಲಲ್ಲೇ ಇರುವ ಇಪ್ಪತ್ತು ಮೀಟರ್ ನೀರಿನಲ್ಲಿ ಮಳೆಗಾಲದ ಎಂಟು ವಾರ ಎಂತ ಆಗ್ತದೆ ಅಂತ ವಾರವಾರ ಬರೆದಿಟ್ಟವರು ಬೇಕಲ್ವಾ.

ಅಜ್ಜನ ಮಳೆ ಡೈರಿ

ಅಮ್ಮನ ಮನೆ ಬೆಳ್ತಂಗಡಿ ಕಡೆ, ಅಡಿಕೆ ತೋಟ. ನಮ್ಮ ಜಿಲ್ಲೆಯ ಕೃಷಿಕರಲ್ಲಿ ಮಳೆ ಅಳೆಯುವ ಅಭ್ಯಾಸ ಇರುವವರು ಎಷ್ಟು ಜನ ಇದ್ದಾರೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಇಬ್ಬರು ಅಡಿಕೆಯವರು ಸಿಕ್ಕಿದ್ರೆ ಮೊದಲ ಮಾತೇ "ನಿಮ್ಮಲ್ಲಿ ನಿನ್ನೆ ಎಷ್ಟು?" ಅಂತ. ಅಜ್ಜ 1979ರಲ್ಲಿ ಶುರು ಮಾಡಿದ್ದು. ಅಂಗಳದ ತುದಿಯಲ್ಲಿ, ಮರದ ನೆರಳು ಬೀಳದ ಜಾಗದಲ್ಲಿ ಒಂದು ತಗಡಿನ ಆಲಿಕೆ, ಅದರ ಕೆಳಗೆ ಬಾಟ್ಲಿ, ಅಳೆಯಲಿಕ್ಕೆ ಗೆರೆ ಇರುವ ಗಾಜಿನ ಜಾರ್. ಬೆಳಿಗ್ಗೆ ಎಂಟೂವರೆಗೆ, ರೇಡಿಯೋದಲ್ಲಿ ಎಂತ ಬರ್ತಿದ್ರೂ ಎದ್ದು, ಗೊರಬೆ ತಲೆಗೆ ಹಾಕಿ ಹೋಗಿ ಜಾರಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡ್ತಿದ್ರು. ಸೊಸೈಟಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಯಲ್ಲಿ ಬರೀತಿದ್ರು. ಮೊದಲ ಸಲ ಮದ್ದು ಬಿಟ್ಟ ದಿನವೂ ಅದರಲ್ಲೇ, ಎರಡನೇ ಸಲ ಬಿಟ್ಟ ದಿನವೂ ಅದರಲ್ಲೇ, ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗ ಯಾವ ಮರದಲ್ಲಿ ಮೊದಲು ಕಂಡಿತು ಅಂತ ಕೂಡ.

(ಮದ್ದು ಅಂದ್ರೆ ನಮ್ಮಲ್ಲಿ ಬೋರ್ಡೋ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಕೊಳೆರೋಗಕ್ಕೆ ಕಾರಣ ಎಂತ ಅಂತ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ 1910ರಲ್ಲಿ ಪ್ರಕಟಿಸಿದ್ರು, ಬೋರ್ಡೋ ಬಿಡಿ ಅಂತ ಹೇಳಿದವರೂ ಅವರೇ. ನೂರು ವರ್ಷದ ಮೇಲಾಯ್ತು, ನಾವು ಇವತ್ತಿಗೂ ಅದನ್ನೇ ಬಿಡ್ತಿದ್ದೇವೆ. ಒಳ್ಳೆ ಸಂಶೋಧನೆಯ ಬಾಳಿಕೆ ಅಂದ್ರೆ ಇದು. ಇದಕ್ಕೆ ಮುಂದಿನ ಮದ್ದು ಹುಡುಕುವವರಿಗೂ ನನ್ನ ಲಿಮಿಟ್ ಇಲ್ಲದ ದುಡ್ಡಿನಲ್ಲಿ ಒಂದು ಪಾಲು ಖಂಡಿತ ಉಂಟು.)

ಅಜ್ಜ ಮಳೆ ಬಾರದ ದಿನ ಕೂಡ ಎದ್ದು ಹೋಗಿ ಆ ಖಾಲಿ ಬಾಟ್ಲಿ ತೆಗೆದು ನೋಡಿ ಬರ್ತಿದ್ರು, ಫೆಬ್ರವರಿಯಲ್ಲಿ ಕೂಡ. ಡೈರಿಯಲ್ಲಿ ಪುಟಗಟ್ಟಲೆ ಸೊನ್ನೆ. ನಂಗೆ ಏಳೆಂಟು ವರ್ಷ ಇರ್ಬಹುದು, ಕೇಳಿದೆ, ಅಜ್ಜ, ಆಕಾಶ ನೋಡಿದ್ರೇ ಗೊತ್ತಾಗ್ತದಲ್ವಾ, ಸೊನ್ನೆ ಯಾಕೆ ಬರೀಬೇಕು? ಅಜ್ಜ ಹೇಳಿದ್ರು, "ಬರೆಯದೆ ಬಿಟ್ರೆ ಮುಂದೆ ನೋಡುವವನಿಗೆ ಮಳೆ ಬರ್ಲಿಲ್ಲವೋ ನಾನು ಏಳಲಿಲ್ಲವೋ ಹೇಗೆ ಗೊತ್ತಾಗುದು ಮಗಾ?" ನಾನು ಆಮೇಲೆ ಎಮ್ಮೆಸ್ಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದೆ, ಲೆಕ್ಕ ಇಲ್ಲದ್ದು ಬೇರೆ, ಸೊನ್ನೆ ಬೇರೆ ಅಂತ ಅಲ್ಲಿ ಒಂದು ಪಾಠವೇ ಇತ್ತು. ನಂಗೆ ಅದು ಅಂಗಳದಲ್ಲೇ ಆಗಿತ್ತು. ಬೂತಾಯಿ ವಿಷಯಕ್ಕೆ ಬಂದ್ರೂ ಅಷ್ಟೇ, ಬೂತಾಯಿ ಬಾರದ ವರ್ಷದ ನೀರಿನ ಲೆಕ್ಕ ಬಂದ ವರ್ಷದ್ದಕ್ಕಿಂತ ಹೆಚ್ಚು ಬೆಲೆಯದ್ದು. ಮೀನೇ ಇಲ್ಲದ ವರ್ಷ ಸಮುದ್ರಕ್ಕೆ ಹೋಗಿ ಅಳೆಯಲಿಕ್ಕೆ ಯಾರಾದ್ರೂ ಸಂಬಳ ಕೊಡ್ಬೇಕಷ್ಟೆ.

ಅಜ್ಜನ ಹಾಗೆಯೇ ಪಟ್ಟು ಹಿಡಿದು ಅಳೆದವರು ಪ್ರಪಂಚದಲ್ಲಿ ಬೇರೆಯೂ ಇದ್ದಾರೆ. ಚಾರ್ಲ್ಸ್ ಕೀಲಿಂಗ್ ಅನ್ನುವವರು 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆಯಲಿಕ್ಕೆ ಶುರು ಮಾಡಿದ್ರು. ಆಗ ಹತ್ತು ಲಕ್ಷಕ್ಕೆ 313ರ ಹತ್ರ ಇದ್ದದ್ದು ಈಗ 420 ದಾಟಿದೆ, ಭೂಮಿ ಬಿಸಿಯಾಗ್ತಿದೆ ಅನ್ನುವ ಮಾತಿಗೆಲ್ಲ ಬುಡದಲ್ಲಿರುವ ಲೆಕ್ಕಗಳಲ್ಲಿ ಅದೂ ಒಂದು. ಆ ಗ್ರಾಫನ್ನು ಹತ್ತಿರದಿಂದ ನೋಡಿದ್ರೆ 1964ರಲ್ಲಿ ಒಂದು ಕಡೆ ಗೆರೆ ಕಡಿದಿದೆ. ಮಿಶಿನ್ ಹಾಳಾದದ್ದಲ್ಲ, ದುಡ್ಡು ನಿಲ್ಲಿಸಿದ್ದು. ಅಮೆರಿಕದಂತ ದೇಶದಲ್ಲಿ. ಅದೇ ಅದೇ ಅಳೆಯುದ್ರಲ್ಲಿ ಎಂತ ಹೊಸತು ಅನ್ನುವ ಪ್ರಶ್ನೆಯನ್ನು ಅವರು ಜೀವನ ಪೂರ್ತಿ ಎದುರಿಸಿದ್ರು. 2005ರಲ್ಲಿ ತೀರಿಹೋದ್ರು, ಈಗ ಮಗ ರಾಲ್ಫ್ ಕೀಲಿಂಗ್ ಅದನ್ನು ನಡೆಸ್ತಾರೆ. ನಮ್ಮಲ್ಲಿ ಅಜ್ಜ ಹೋದ ಮೇಲೆ ಮಾವ ಅಳೀತಾರೆ, ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಬರೀ ಒಂದು ನಂಬರ್ ಬರ್ತದೆ, "84" ಅಂತ, ಗುಡ್ ಮಾರ್ನಿಂಗ್ ಕೂಡ ಇಲ್ಲ.

ಸಾವಿರದ ಏಳ್ನೂರು ವರ್ಷದ ಪೊರೆ

ಕಡಲಿನ ವಿಷಯದಲ್ಲಿ ಇದನ್ನು ಮಾಡಿ ತೋರಿಸಿದ್ದು ಕ್ಯಾಲಿಫೋರ್ನಿಯಾದವರು. ಅವರಿಗೂ ನಮ್ಮ ಬೂತಾಯಿಯ ನೆಂಟ ಒಂದು ಸಾರ್ಡೀನ್ ಉಂಟು. 1930ರ ದಶಕದಲ್ಲಿ ಒಂದು ಸೀಸನಿಗೆ ಏಳು ಲಕ್ಷ ಟನ್‌ವರೆಗೂ ಹಿಡಿದದ್ದುಂಟು, ಮಾಂಟರೇ ಊರಿನ ಒಂದು ಬೀದಿ ಪೂರ್ತಿ ಮೀನು ಡಬ್ಬಕ್ಕೆ ತುಂಬುವ ಫ್ಯಾಕ್ಟರಿ. ಎರಡನೇ ಮಹಾಯುದ್ಧ ಮುಗಿದ ಹಾಗೆ ಮೀನೂ ಮುಗಿಯಿತು, ಫ್ಯಾಕ್ಟರಿಗಳು ಬಾಗಿಲು ಹಾಕಿದ್ವು. ಆಗ ಅವರು 1949ರಲ್ಲಿ ಕ್ಯಾಲ್‌ಕೋಫಿ ಅಂತ ಒಂದು ಸರ್ವೆ ಶುರು ಮಾಡಿದ್ರು, ಕಡಲಲ್ಲಿ ಇಂತಿಂತ ಜಾಗ ಅಂತ ಗುರುತು ಮಾಡಿ ಅಲ್ಲಿಗೇ ಮತ್ತೆ ಮತ್ತೆ ಹೋಗಿ ನೀರು, ಅದರಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲಾಂಕ್ಟನ್, ಮೀನಿನ ಮೊಟ್ಟೆ, ಮರಿ ಎಲ್ಲ ತೆಗೆಯುದು. 75 ವರ್ಷ ದಾಟಿತು, ಇವತ್ತಿಗೂ ನಡೀತಾ ಉಂಟು. ಮೀನು ಬರುವವರೆಗೆ ಅಂತ ಅಲ್ಲ, ಮೀನು ವಾಪಸ್ ಬಂದ ಮೇಲೂ, ಮತ್ತೆ ಹೋದ ಮೇಲೂ.

ಅಲ್ಲಿಯೇ ಸಾಂಟಾ ಬಾರ್ಬರಾ ಹತ್ರ ಸಮುದ್ರದ ತಳದಲ್ಲಿ ಆಕ್ಸಿಜನ್ ತುಂಬಾ ಕಡಿಮೆ ಇರುವ ಒಂದು ಹೊಂಡ ಉಂಟು. ಆಕ್ಸಿಜನ್ ಇಲ್ಲದ್ರಿಂದ ಕೆಸರನ್ನು ಕೆದಕುವ ಹುಳಗಳಿಲ್ಲ, ಹಾಗಾಗಿ ವರ್ಷವರ್ಷದ ಕೆಸರು ಪದರ ಪದರವಾಗಿ, ಪತ್ರೊಡೆ ಕೊಯ್ದಾಗ ಕಾಣುವ ಸುರುಳಿಯ ಹಾಗೆ, ಹಾಗೇ ಉಳಿದಿದೆ. ಉದ್ದದ ಪೈಪ್ ಇಳಿಸಿ ಆ ಕೆಸರನ್ನು ಎತ್ತಿ, ಪ್ರತಿ ಪದರದಲ್ಲಿ ಎಷ್ಟು ಸಾರ್ಡೀನ್ ಪೊರೆ ಉಂಟು ಅಂತ ಎಣಿಸಿದ್ರು. ಮೀನು ಮಾಡುವಾಗ ನಾವು ಹೆರೆದು ಬಿಸಾಡುವ ಆ ಪೊರೆ! ಸುಮಾರು 1,700 ವರ್ಷದ ಲೆಕ್ಕ ಸಿಕ್ಕಿತು. ಬೋಟೂ ಇಲ್ಲದ, ಫ್ಯಾಕ್ಟರಿಯೂ ಇಲ್ಲದ ಕಾಲದಲ್ಲೂ ಅಲ್ಲಿ ಸಾರ್ಡೀನ್ ಹೆಚ್ಚುಕಡಿಮೆ 60 ವರ್ಷಕ್ಕೊಮ್ಮೆ ಏರಿ ಇಳಿದಿತ್ತು. ಹಾಗಂತ ಮನುಷ್ಯನ ತಪ್ಪು ಇಲ್ಲ ಅಂತಲ್ಲ, ತಾನೇ ಇಳಿಯುವ ಕಾಲದಲ್ಲಿ ನಾವು ಬಲೆ ಹಾಕಿ ಎಳೆದ್ರೆ ಅದು ಏಳಲಿಕ್ಕೆ ಎಷ್ಟು ಕಷ್ಟ ಪಡ್ತದೆ ಅಂತ ಅರ್ಥ ಮಾಡ್ಕೊಳ್ಳಲಿಕ್ಕೆ ಈ ಲೆಕ್ಕ ಬೇಕು. ನಮ್ಮ ಕರಾವಳಿಯಲ್ಲೂ ಮಳೆಗಾಲ ಮುಗಿಯುವ ಹೊತ್ತಿಗೆ ಅಡಿಯ ನೀರಿನ ಆಕ್ಸಿಜನ್ ಕುಸೀತದೆ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕ್ಯಾಂಡೋಲಿಂ ಹತ್ರ 1997ರಿಂದ ಒಂದೇ ಜಾಗಕ್ಕೆ ಹೋಗಿ ಅಳೆದು ಇದನ್ನು ತೋರಿಸಿದ್ದಾರೆ. ಆ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವ. ಅದೇ ತರ ಸೋಮೇಶ್ವರದಿಂದ ಕಾರವಾರದವರೆಗೂ ಇದ್ದಿದ್ರೆ ಅಂತ ಅದರ ಗ್ರಾಫ್ ನೋಡಿದಾಗಲೆಲ್ಲ ಅನಿಸ್ತದೆ.

ಹಾಗಾದ್ರೆ ದುಡ್ಡು ಎಲ್ಲಿಗೆ?

ಅಕ್ಕನ ಮಗನಿಗೆ ಈಗ ಹೇಳುದಾದ್ರೆ ಹೀಗೆ. ಮಳೆಗಾಲದ ಅಲೆಯನ್ನು ತಡೆಯುವ ಒಂದು ಗಟ್ಟಿ ಹಡಗು, ಬೇರೆ ಯಾವ ಕೆಲಸಕ್ಕೂ ಕೊಡದ್ದು. ಸೋಮೇಶ್ವರ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ, ಪ್ರತಿಯೊಂದು ಕಡೆ ಹತ್ತು, ಇಪ್ಪತ್ತು, ಮೂವತ್ತು ಮೀಟರ್ ಆಳದಲ್ಲಿ ತಳಕ್ಕೆ ಕಟ್ಟಿದ ಯಂತ್ರಗಳು, ಉಷ್ಣತೆ, ಉಪ್ಪು, ಆಕ್ಸಿಜನ್ ಗಂಟೆಗಂಟೆಗೆ ಬರೀತಾ ಇರುವಂತದ್ದು. ಬಲೆಗೆ ಸಿಕ್ಕಿ ಹೋದ್ರೆ ಮರುದಿನವೇ ಇನ್ನೊಂದು ಇಳಿಸುವಷ್ಟು ದಾಸ್ತಾನು. ವಾರಕ್ಕೊಮ್ಮೆ ಮೊಟ್ಟೆ, ಮರಿ, ಪಾಚಿ. ಬೂತಾಯಿಯ ತಲೆಯೊಳಗಿನ ಸಣ್ಣ ಕಲ್ಲನ್ನು ಉಜ್ಜಿ, ಅದರ ಗೆರೆ ನೋಡಿ ವಯಸ್ಸು ಹೇಳುವ ಜನ. ಮತ್ತೆ ಒಂದು ಕಟ್ಟಡ, ಗಟ್ಟಿ ಕಟ್ಟಡ, ತೆಗೆದ ಪ್ರತಿಯೊಂದು ಬಾಟ್ಲಿಯನ್ನು ನೂರು ವರ್ಷ ಇಡ್ಲಿಕ್ಕೆ. ಇವತ್ತು ಎಣಿಸಲಿಕ್ಕೆ ಆಗದ್ದನ್ನು 2080ರಲ್ಲಿ ಹುಟ್ಟುವ ಹುಡುಗಿ ನಮಗೆ ಗೊತ್ತೇ ಇಲ್ಲದ ಮಿಶಿನಲ್ಲಿ ನೋಡ್ಲಿ.

ಯಂತ್ರಗಳಿಗಿಂತ ಹೆಚ್ಚು ನಾನು ಖರ್ಚು ಮಾಡುದು ಜನರಿಗೆ. ನಾನು ಮಾಡಿದ ಕೆಲಸ ಆರು ತಿಂಗಳಿಗೊಮ್ಮೆ ರಿನ್ಯೂ ಆಗುವಂತದ್ದು, ನೀರಿನ ಬಣ್ಣ ಕಣ್ಣಿಗೆ ಪರಿಚಯ ಆಗುವಷ್ಟರಲ್ಲಿ ಮುಗಿದುಹೋಯ್ತು. ನನ್ನ ಜೊತೆ ಇದ್ದ ಇನ್ನೊಬ್ಬಳು, ಪಾಚಿ ಗುರುತಿಸುದ್ರಲ್ಲಿ ನನಗಿಂತ ಎಷ್ಟೋ ಚುರುಕು, ಈಗ ಬೆಂಗಳೂರಲ್ಲಿ ಮೆಡಿಕಲ್ ಬಿಲ್ಲಿಂಗ್ ಮಾಡ್ತಾಳೆ. ಅವಳ ಕಣ್ಣಿಗೆ ಎರಡು ವರ್ಷ ಕೊಟ್ಟ ತರಬೇತಿ ಎಲ್ಲಿಗೆ ಹೋಯ್ತು? ಇಂತವರಿಗೆ ನಿವೃತ್ತಿಯವರೆಗೆ ಇರುವ ಕೆಲಸ ಬೇಕು, ನಮ್ಮ ತಾಂಡೇಲರಂತವರಿಗೆ ಮೇಷ್ಟ್ರ ಸ್ಥಾನ ಬೇಕು, ಸಂಬಳದ ಸಮೇತ. ದಡದಿಂದ ಊರವರೆಲ್ಲ ಸೇರಿ ರಂಪಣಿ ಬಲೆ ಎಳೆದ ಕಾಲವನ್ನು ನೋಡಿದ ಹಿರಿಯರು, 1970ರ ದಶಕದಲ್ಲಿ ಪರ್ಸೀನ್ ಬರುವ ಮೊದಲಿನವರು, ಇನ್ನೂ ನಮ್ಮ ನಡುವೆ ಇದ್ದಾರೆ, ಯಾವ ವರ್ಷ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರ ಹಾಕುವಷ್ಟು ಬಂದಿತ್ತು ಅಂತ ಅವರ ನೆನಪಿನಲ್ಲಿ ಉಂಟು. ಅವರನ್ನು ಕೂರಿಸಿ ಕೇಳಿ ಬರೆದಿಡುದಕ್ಕೂ ದುಡ್ಡು ಬೇಕು, ಅದು ಈ ವರ್ಷವೇ ಬೇಕು.

ಇದಕ್ಕೆಲ್ಲ ಲಿಮಿಟ್ ಇಲ್ಲದ ದುಡ್ಡೇನೂ ಬೇಡ ಅಂತ ನಂಗೆ ಅನಿಸ್ತದೆ. ಗುರುತ್ವದ ಅಲೆ ಹಿಡಿಯುವ ಲಿಗೋ ಇಂಡಿಯಾಕ್ಕೆ 2023ರಲ್ಲಿ ಸುಮಾರು 2,600 ಕೋಟಿ ಒಪ್ಪಿಗೆ ಆಯ್ತು, ಸಂತೋಷವೇ, ಅದರ ಒಂದು ಸಣ್ಣ ಪಾಲು ಸಾಕು ಇದಕ್ಕೆ. ಆದ್ರೆ ಆ ಪಾಲನ್ನು ಕೊಡುವ ರೀತಿ ಬದಲಾಗ್ಬೇಕು. ಮಾರ್ಚ್ 31ರ ಒಳಗೆ ಖರ್ಚು ಮಾಡಿ ಮುಗಿಸಿ ಅಂತ ಹೇಳಿದ್ರೆ ಸಮುದ್ರಕ್ಕೆ ಅದು ಗೊತ್ತಾಗುದಿಲ್ಲ. ನಮ್ಮ ಊರಿನ ದೇವಸ್ಥಾನಗಳಲ್ಲಿ ಶಾಶ್ವತ ಸೇವೆ ಅಂತ ಉಂಟಲ್ಲ, ಒಮ್ಮೆ ದುಡ್ಡು ಕಟ್ಟಿದ್ರೆ ಆ ಗಂಟನ್ನು ಯಾರೂ ಮುಟ್ಟುದಿಲ್ಲ, ಬಡ್ಡಿಯಲ್ಲಿ ಪ್ರತಿ ವರ್ಷ ಅದೇ ದಿನ ಆ ಹೆಸರಿನಲ್ಲಿ ಪೂಜೆ ಆಗ್ತದೆ, ಕಟ್ಟಿದವರು ಹೋದ ಮೇಲೂ ಪ್ರಸಾದ ಮನೆಗೆ ಬರ್ತದೆ. ಅಂತದ್ದು ಬೇಕು. ಉಡುಪಿಯಲ್ಲಿ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳ್ಬೇಕಾಗಿಲ್ಲ. ವಾದಿರಾಜರು ಎರಡು ವರ್ಷಕ್ಕೊಮ್ಮೆ ಅಂತ ಕ್ರಮ ಮಾಡಿ ಐನೂರು ವರ್ಷ ಆಯ್ತು, ಎಂಟು ಮಠ, ಒಬ್ಬರು ಅಕ್ಷಯ ಪಾತ್ರೆ ಮತ್ತು ಸಟ್ಟುಗ ಇನ್ನೊಬ್ಬರ ಕೈಗೆ ಕೊಡುವ ಆ ಬೆಳಗಿನ ಜಾವ ಒಂದು ದಿನದ ಪೂಜೆಯೂ ತಪ್ಪುದಿಲ್ಲ. ಮುಂದಿನವರು ಯಾರು ಅಂತ ಎಷ್ಟೋ ವರ್ಷ ಮೊದಲೇ ಎಲ್ಲರಿಗೂ ಗೊತ್ತಿರ್ತದೆ, ಅಡಿಗೆಯ ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟಿಡುದು ಕೂಡ ಮೊದಲೇ ಶುರು ಆಗ್ತದೆ. ಒಂದು ಕೆಲಸವನ್ನು ಕಡಿಯದ ಹಾಗೆ ಕೈಯಿಂದ ಕೈಗೆ ದಾಟಿಸುದು ಹೇಗೆ ಅಂತ ಗೊತ್ತಿರುವ ಊರು ನಮ್ಮದು. ಆ ತಿಳಿವಳಿಕೆಯನ್ನು ಕಡಲಿನ ಕಡೆಗೂ ತಿರುಗಿಸಬೇಕು ಅಂತ ನನ್ನ ಆಸೆ.

ಅಜ್ಜನ ಡೈರಿಗಳನ್ನು ಕಳೆದ ತಿಂಗಳು ಮಾವನ ಮನೆಯಲ್ಲಿ ಕೂತು ಒಂದೊಂದೇ ಪುಟ ಫೋಟೋ ತೆಗೆದೆ. 1991ರ ಜುಲೈಗೆ ಬಂದಾಗ ಹನ್ನೊಂದು ದಿನದ ನಂಬರುಗಳು ಬೇರೆ ಶಾಯಿಯಲ್ಲಿ, ಎಲ್ಲ ಒಟ್ಟಿಗೆ ಬರೆದ ಹಾಗೆ ಇದ್ವು. ಇದೇನು ಅಂದಾಜಿಗೆ ತುಂಬಿಸಿದ್ದಾ ಅಂತ ಮಾವನಿಗೆ ಕೇಳಿದೆ. ಆ ವರ್ಷ ಅಜ್ಜನಿಗೆ ಆಪರೇಶನ್ ಆಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಇದ್ರಂತೆ, ಮಾವ ಅವರ ಜೊತೆ. ಮನೆಯಲ್ಲಿ ಅಜ್ಜಿ ಒಬ್ರೇ. ಅಜ್ಜಿಗೆ ಓದು ಬರಹ ಬರ್ತಿರ್ಲಿಲ್ಲ, ಜಾರಿನ ಮೇಲಿನ ಸಣ್ಣ ನಂಬರ್ ಅವರಿಗೆ ತಿಳಿಯುದಿಲ್ಲ. ಅವರು ದಿನಾ ಬೆಳಿಗ್ಗೆ ನೀರನ್ನು ಜಾರಿಗೆ ಸುರಿದು, ಜಾರನ್ನು ಬಚ್ಚಲಿನ ಗೋಡೆಗೆ ತಾಗಿಸಿ ನೆಲದ ಮೇಲೆ ಇಟ್ಟು, ನೀರು ನಿಂತ ಮಟ್ಟಕ್ಕೆ ಒಲೆಯ ಇದ್ದಿಲಿನಲ್ಲಿ ಗೋಡೆಯ ಮೇಲೆ ಒಂದು ಗೆರೆ ಎಳೆದಿದ್ರು, ಜಾರ್ ತುಂಬಿದ್ರೆ ಪೂರ್ತಿ ಎತ್ತರದ ಗೆರೆ ಎಳೆದು, ಚೆಲ್ಲಿ, ಉಳಿದದ್ದಕ್ಕೆ ಪಕ್ಕದಲ್ಲಿ ಇನ್ನೊಂದು. ಅಜ್ಜ ಮನೆಗೆ ಬಂದವರು ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು ಆ ಗೋಡೆಯ ಎದುರು ಕೂತು, ಜಾರನ್ನು ಗೆರೆಗೆ ಹಿಡಿದು ಒಂದೊಂದೇ ದಿನದ್ದು ಓದಿ ಬರ್ಕೊಂಡ್ರಂತೆ. ಏಳನೇ ದಿನ ಮಳೆ ಬಂದಿರ್ಲಿಲ್ಲ. ಆ ದಿನದ ಜಾಗದಲ್ಲಿ ಅಜ್ಜಿ ಗೋಡೆಯ ಬುಡದಲ್ಲಿ, ನೆಲಕ್ಕೆ ತಾಗಿ ಒಂದು ಗೆರೆ ಎಳೆದಿದ್ರು ಅಂತ ಮಾವ ಹೇಳಿದ್ರು.